ಪರನುಡಿಯ ಊರಿನಲ್ಲಿ ಮೊದಲ ದಿನಗಳು

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ದೂರದೂರದ ನಾಡುಗಳಲ್ಲಿ ದಾದಿಯರಾಗಿಯೂ ಉಪಾಧ್ಯಾಯಿನಿಯರಾಗಿಯೂ ಸಭೆಯ ಸೇವಕಿಯರಾಗಿಯೂ ಇದ್ದಾರೆ. ಅವರು ನನಗೆ ಬರೆಯುವ ಕಾಗದಗಳಲ್ಲಿ ಒಂದು ಮಾತು ತಪ್ಪದೆ ಬರುವುದು. ಕೆಲಸವು ಕಷ್ಟವಲ್ಲ, ಚಳಿಯೂ ಊಟವೂ ಕಷ್ಟವಲ್ಲ; ಸುತ್ತಲಿನವರ ನುಡಿ ತಿಳಿಯದೆ ಕಳೆಯಬೇಕಾದ ಮೊದಲ ದಿನಗಳೇ ಕಷ್ಟವೆಂದು ಅವರೆಲ್ಲರೂ ಬರೆಯುತ್ತಾರೆ. ಈ ಸ್ಮರಣ ಸಂಚಿಕೆಗೆ ಏನನ್ನಾದರೂ ಬರೆಯಬೇಕೆಂದು ಸಮಿತಿಯವರು ಕೇಳಿದಾಗ ಆ ಮೊದಲ ದಿನಗಳ ವಿಷಯವನ್ನೇ ಬರೆಯುವುದು ಯುಕ್ತವೆಂದು ನನಗೆ ತೋರಿತು. ಆದರೆ ಅದಕ್ಕಾಗಿ ನಾನು ಸಮುದ್ರವನ್ನು ದಾಟಿದವಳಲ್ಲ. ಪರನುಡಿಯ ನಾಡು ನಮಗೆ ಬಸ್ಸಿನಲ್ಲಿ ಕೆಲವೇ ಗಂಟೆಗಳ ದಾರಿಯಲ್ಲಿದೆ.

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳು ಕೂಡಿ ಒಂದೇ ಶೈಕ್ಷಣಿಕ ಜಿಲ್ಲೆಯಾಗಿರುವುದನ್ನು ಪೋಷಕರು ಬಲ್ಲರು. ನಾಲ್ಕು ತಾಲ್ಲೂಕುಗಳ ಮಕ್ಕಳಿಗೂ ಪಾಠಪುಸ್ತಕವೊಂದೇ, ಪ್ರಶ್ನೆಪತ್ರಿಕೆಯೊಂದೇ. ಆದರೆ ಅಡಿಗೆಮನೆಯ ಮಾತು ಒಂದೇ ಅಲ್ಲ. ಸಿರಾ ಪಟ್ಟಣದ ಎಷ್ಟೋ ಮನೆಗಳಲ್ಲಿ ತಾಯಿ ಮಗಳನ್ನು ಕರೆಯುವುದು ಉರ್ದುವಿನಲ್ಲಿ. ಪಾವಗಡದ ಹಳ್ಳಿಗಳಲ್ಲಿ ಹೆಚ್ಚಾಗಿ ತೆಲುಗಿನಲ್ಲಿ. ಪಾವಗಡ ತಾಲ್ಲೂಕನ್ನು ಆಂಧ್ರದ ಸೀಮೆಯು ಬಹುಮಟ್ಟಿಗೆ ಸುತ್ತುವರಿದಿದೆ. 1953ರಲ್ಲಿ ಆಂಧ್ರ ರಾಜ್ಯವಾಯಿತು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಯಿತು. 1973ರಲ್ಲಿ ನಮ್ಮ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದಿತು. 2022ರಲ್ಲಿ ಗಡಿಯಾಚೆಯ ಮಡಕಶಿರಾ, ಹಿಂದೂಪುರಗಳು ಅನಂತಪುರದಿಂದ ಬೇರ್ಪಟ್ಟು ಹೊಸ ಜಿಲ್ಲೆಯೊಂದಕ್ಕೆ ಸೇರಿದವು. ಗೆರೆಗಳು ಹೀಗೆ ಬದಲಾದರೂ ಒಲೆಯ ಮುಂದಿನ ನುಡಿ ಬದಲಾಗಲಿಲ್ಲ. ಗಡಿಯ ಆಚೆ ಮಡಕಶಿರಾದ ಸೀಮೆಯಲ್ಲಿ ಕನ್ನಡ ಮಾತನಾಡುವ ಮನೆಗಳೂ, ಈಚೆ ಪಾವಗಡದಲ್ಲಿ ತೆಲುಗು ಮಾತನಾಡುವ ಮನೆಗಳೂ ಇಂದಿಗೂ ಉಂಟು.

2016ನೆಯ ಇಸವಿಯ ದಸರಾ ರಜೆಯಲ್ಲಿ ಪಾವಗಡ ತಾಲ್ಲೂಕಿನ ಒಂದು ಸಣ್ಣ ಹಳ್ಳಿಯ ಸಭೆಯವರು ನಮ್ಮನ್ನು ಹತ್ತು ದಿನಗಳ ಸೇವೆಗಾಗಿ ಕರೆದಿದ್ದರು. ಆಗ ನಾನು ಸಹಶಿಕ್ಷಕಿ. ಇನ್ನೊಬ್ಬ ಉಪಾಧ್ಯಾಯಿನಿಯರೂ ಒಂಬತ್ತನೆಯ ತರಗತಿಯ ಹನ್ನೊಂದು ಮಂದಿ ಹುಡುಗಿಯರೂ ನಾನೂ ಹೊರಟೆವು. ಮಕ್ಕಳಿಗೆ ಸಂಜೆಯ ಪಾಠ, ಹೆಂಗಸರಿಗೆ ಅಕ್ಷರಾಭ್ಯಾಸ, ಆರೋಗ್ಯದ ವಿಷಯದಲ್ಲಿ ನಾಲ್ಕು ಮಾತು, ಕೊನೆಯ ದಿನ ಒಂದು ಚಿಕ್ಕ ನಾಟಕ. ಇವೆಲ್ಲವನ್ನೂ ಒಂದು ತಿಂಗಳಿನಿಂದ ಕನ್ನಡದಲ್ಲಿ ಸಿದ್ಧಪಡಿಸಿಕೊಂಡಿದ್ದೆವು. ಮಧುಗಿರಿಯ ಏಕಶಿಲಾ ಬೆಟ್ಟವು ಹಿಂದಾಯಿತು, ಮಿಡಿಗೇಶಿಯೂ ಹಿಂದಾಯಿತು. ದಾರಿಯು ಆಂಧ್ರದ ನೆಲವನ್ನು ಹೊಕ್ಕಾಗ ಅಂಗಡಿಯ ಹಲಗೆಗಳ ಮೇಲಣ ಅಕ್ಷರಗಳು ಬೇರೆಯಾದವು. ಮುಂದೆ ಮತ್ತೆ ಕನ್ನಡದ ಹಲಗೆಗಳು ಬಂದವು. ಅದನ್ನು ಕಂಡು ಹುಡುಗಿಯರು, ನಮ್ಮ ನಾಡು ಮರಳಿ ಬಂದಿತೆಂದು ಚಪ್ಪಾಳೆ ತಟ್ಟಿದರು. ಹಲಗೆಯು ಕನ್ನಡವಾದರೂ ಹಲಗೆಯ ಕೆಳಗೆ ಕುಳಿತವರ ಮಾತು ಕನ್ನಡವಲ್ಲವೆಂಬುದು ಅವರಿಗೆ ಬಸ್ಸಿನಿಂದ ಇಳಿದ ಮೇಲೆ ತಿಳಿಯಿತು.

ಮೊದಲನೆಯ ದಿನದ ಸಂಜೆ ಗುಡಿಯ ಮುಂದಣ ಬಯಲಿನಲ್ಲಿ ಜನರು ಸೇರಿದರು. ನಮ್ಮವರು ಹಾಡಿದರು, ಕಥೆ ಹೇಳಿದರು. ಗಂಡಸರು ಸಂತೆಗೂ ಕಚೇರಿಗೂ ಓಡಾಡುವವರಾದುದರಿಂದ ಕನ್ನಡವನ್ನು ಬಲ್ಲವರಾಗಿದ್ದರು. ಹೆಂಗಸರು ಮಾತ್ರ ಬಹು ಮರ್ಯಾದೆಯಿಂದ ಕುಳಿತು ನೋಡುತ್ತಿದ್ದರೇ ಹೊರತು ಕೇಳುತ್ತಿರಲಿಲ್ಲ. ಕಥೆ ಮುಗಿದ ಮೇಲೆ ಒಬ್ಬ ಮುದುಕಿ ಎದ್ದು ಬಂದು ನಮ್ಮ ಹುಡುಗಿಯೊಬ್ಬಳ ಗಲ್ಲವನ್ನು ಸವರಿ, “ಅನ್ನಂ ತಿನ್ನಾವಾ?” ಎಂದು ಕೇಳಿದಳು. ಊಟವಾಯಿತೇ ಎಂಬುದು ಇದರ ಅರ್ಥ. ಆ ದಿನ ಇಡೀ ಸಭೆಯಲ್ಲಿ ನಡೆದ ನಿಜವಾದ ಸಂಭಾಷಣೆ ಅದೊಂದೇ ಎಂದು ನನಗೆ ಅನ್ನಿಸಿತು.

ಮರುದಿನ ಬೆಳಿಗ್ಗೆ ಇನ್ನೊಂದು ಸಂಗತಿ ನಡೆಯಿತು. ಶಾಲೆಗೆ ಇನ್ನೂ ಸೇರದ ಒಬ್ಬ ಚಿಕ್ಕ ಹುಡುಗನು ನಮ್ಮ ಬಳಪದ ತುಂಡನ್ನು ಹಿಡಿದುಕೊಂಡಿದ್ದನು. ನಮ್ಮ ಹುಡುಗಿಯು ನಗುತ್ತಲೇ, “ಬಳಪ ಕೊಟ್ಟು ಹೋಗಪ್ಪ” ಎಂದಳು. ಹುಡುಗನು ಕೈಯನ್ನು ಬೆನ್ನ ಹಿಂದೆ ಅಡಗಿಸಿದನು. ಅವನ ಅಕ್ಕನು ಓಡಿ ಬಂದು ಅಡ್ಡವಾಗಿ ನಿಂತಳು. ಕಾರಣವನ್ನು ಊರಿನ ಉಪಾಧ್ಯಾಯರು ತಿಳಿಸಿದರು. ತೆಲುಗಿನಲ್ಲಿ “ಕೊಟ್ಟು” ಎಂದರೆ ಹೊಡೆ ಎಂದರ್ಥ. ನಮ್ಮಲ್ಲಿ ದಾನದ ಮಾತು ಅವರಲ್ಲಿ ಪೆಟ್ಟಿನ ಮಾತು! ಒಳ್ಳೆಯ ಮನಸ್ಸೊಂದೇ ಇದ್ದರೆ ಸಾಲದು, ಅದು ಹೊರಡುವ ಶಬ್ದವೂ ಕೇಳುವವರ ಕಿವಿಗೆ ಒಳ್ಳೆಯದಾಗಿರಬೇಕೆಂಬುದನ್ನು ಇದಕ್ಕಿಂತ ಚೆನ್ನಾಗಿ ಯಾವ ಪಾಠವೂ ಕಲಿಸಲಾರದು.

ಆ ಮಧ್ಯಾಹ್ನ ನಾವು ಉಪಾಧ್ಯಾಯಿನಿಯರಿಬ್ಬರೂ ಆಲೋಚಿಸಿ ಕಾರ್ಯಕ್ರಮದ ಪಟ್ಟಿಯನ್ನು ಮಡಚಿಟ್ಟೆವು. ಮುಂದಿನ ಮೂರು ದಿನ ಯಾರೂ ಏನನ್ನೂ ಕಲಿಸಕೂಡದು. ಇಬ್ಬಿಬ್ಬರು ಒಂದೊಂದು ಮನೆಯನ್ನು ಹಿಡಿದು, ಅಲ್ಲಿ ಕೊಟ್ಟದ್ದನ್ನು ಉಂಡು, ಅಲ್ಲಿಯ ಕೆಲಸವನ್ನು ಮಾಡಿ, ದಿನಕ್ಕೆ ಹತ್ತು ಮಾತುಗಳನ್ನು ಕಲಿತು ಬರತಕ್ಕದ್ದು ಎಂದು ಗೊತ್ತುಮಾಡಿದೆವು. ಹನ್ನೊಂದನೆಯವಳು ನಮ್ಮೊಡನೆ ಉಳಿದಳು. ಇದು ನಮ್ಮ ಹೊಸ ಉಪಾಯವೇನಲ್ಲ. ಎಪ್ಪತ್ತು ಮಂದಿ ಶಿಷ್ಯರನ್ನು ಕಳುಹಿಸುವಾಗ ಕರ್ತನು ಹೇಳಿದುದೂ ಇದೇ ಬಗೆಯದಲ್ಲವೆ? ಹಣದ ಚೀಲವನ್ನು ಒಯ್ಯಬಾರದು, ಮನೆಯಿಂದ ಮನೆಗೆ ಅಲೆಯಬಾರದು, ಬಡಿಸಿದ್ದನ್ನು ಊಟಮಾಡಬೇಕು. ಕೊಡಹೋದವರು ಮೊದಲು ಪಡೆಯುವವರಾಗಿರಬೇಕೆಂಬುದೇ ಆ ಅಪ್ಪಣೆಯ ಒಳತಿರುಳೆಂದು ನಾನು ತಿಳಿದಿದ್ದೇನೆ.

ನಮ್ಮ ನಾಡಿನ ಮಿಷನ್ನುಗಳ ಚರಿತ್ರೆಯಲ್ಲಿಯೂ ಇದನ್ನೇ ಕಾಣುತ್ತೇವೆ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದರು. ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರನ್ನು ಸೇರಿದರು. ನಮಗೆ ಬಹು ಸಮೀಪದ ಗುಬ್ಬಿಯಲ್ಲಿ ವೆಸ್ಲಿಯನ್ ಮಿಷನ್ನಿನ ತಾಮಸ್ ಹಾಡ್ಸನ್ 1837ರಲ್ಲಿ ನೆಲೆಸಿದರು. ಅಲ್ಲಿಗೆ 1839ರಲ್ಲಿ ಹೊರಟು ಬಂದ ವಿಲಿಯಂ ಆರ್ಥರ್ ಐರ್ಲೆಂಡಿನವರು, ಆಗ ಇಪ್ಪತ್ತು ವರುಷದ ತರುಣರು. ಇವರೆಲ್ಲರೂ ಬಂದೊಡನೆ ಉಪದೇಶ ಮಾಡಿದವರಲ್ಲ. ಮುನ್ಷಿಯ ಮುಂದೆ ಕುಳಿತು ಅ ಆ ಇ ಈ ತಿದ್ದಿದವರು. ತಮ್ಮ ದೇಶದಲ್ಲಿ ಪಂಡಿತರೆನ್ನಿಸಿಕೊಂಡವರು ಇಲ್ಲಿ ಎರಡನೆಯ ಸಾರಿ ಬಾಲಕರಾದರು. ಆರ್ಥರ್ ಅವರಾದರೋ ಕಣ್ಣಿನ ಬೇನೆಯಿಂದ 1841ರಲ್ಲಿಯೇ ಹಿಂದಿರುಗಬೇಕಾಯಿತು. ಎರಡು ವರುಷಗಳಷ್ಟೇ ಇದ್ದರೂ ಮೈಸೂರು ಸೀಮೆಯನ್ನು ಕುರಿತು ಅವರು ಬರೆದ ಪುಸ್ತಕವು 1847ರಲ್ಲಿ ಅಚ್ಚಾಯಿತು. ಹಾಡ್ಸನ್ ಅವರು ಮುಂದೆ ಕನ್ನಡಕ್ಕೊಂದು ವ್ಯಾಕರಣವನ್ನೇ ಬರೆದರು. 1853ರಲ್ಲಿ ಬಂದ ಕಿಟ್ಟೆಲರ ನಿಘಂಟು ಹೊರಬಂದುದು 1894ರಲ್ಲಿ. ನಾಲ್ವತ್ತೊಂದು ವರುಷಗಳ ಆ ದುಡಿಮೆಯೂ ಯಾವುದೋ ಒಂದು ದಿನ, ಇದಕ್ಕೆ ಏನೆನ್ನುತ್ತೀರಿ ಎಂದು ಯಾರನ್ನೋ ಕೇಳಿದುದರಿಂದಲೇ ಆರಂಭವಾಗಿರಬೇಕು. ಆ ಮುನ್ಷಿಗಳಲ್ಲಿ ಬಹುಮಂದಿಯ ಹೆಸರು ಯಾರ ನಾಲಗೆಯ ಮೇಲೂ ಉಳಿದಿಲ್ಲ. ಆದರೆ ಗುರುಗಳು ಅವರೇ.

ನಮ್ಮ ಹುಡುಗಿಯರ ಮುನ್ಷಿಗಳು ಒಲೆಯ ಮುಂದೆ ಕುಳಿತ ಅಜ್ಜಿಯರೂ ಬೀದಿಯ ಮಕ್ಕಳೂ ಆದರು. ಮೂರನೆಯ ದಿನ ಅವರಲ್ಲಿ ಒಬ್ಬಳು ಓಡಿಬಂದು, “ಮಿಸ್, ನಮ್ಮ ಹಕಾರವನ್ನು ಪಕಾರ ಮಾಡಿದರೆ ತೆಲುಗು ಆಗುತ್ತದೆ!” ಎಂದಳು. ಹಾಲಿಗೆ ಪಾಲು, ಹುಲಿಗೆ ಪುಲಿ, ಹಾವಿಗೆ ಪಾಮು, ಹಂದಿಗೆ ಪಂದಿ, ಹೂವಿಗೆ ಪುವ್ವು ಎಂದು ಬರೆದುಕೊಂಡಿದ್ದಳು. ನಾನು ಅವರಿಗೆ ಹಳಗನ್ನಡದ ಪಾಲ್, ಪುಲಿ, ಪಾವು, ಪಂದಿಗಳನ್ನು ಹೇಳಿದೆ. ನಮ್ಮ ಅಜ್ಜಿಯ ಅಜ್ಜಿಯು ಆಡುತ್ತಿದ್ದ ಮಾತನ್ನು ನೆರೆಮನೆಯವರು ಇನ್ನೂ ಇಟ್ಟುಕೊಂಡಿದ್ದಾರೆಂದು ತಿಳಿದಾಗ ಆ ಮಕ್ಕಳ ಮುಖದಲ್ಲಿ ಮೂಡಿದ ಸಂತೋಷವನ್ನು ನಾನು ವರ್ಣಿಸಲಾರೆ. ಪಾವಗಡವೆಂಬ ಹೆಸರಿಗೆ ಹಾವಿನ ಬೆಟ್ಟವೆಂದು ಹಿರಿಯರು ಹೇಳುವ ಅರ್ಥವು ಆಗ ಅವರಿಗೆ ತಾನಾಗಿಯೇ ಹೊಳೆಯಿತು. ವ್ಯಾಕರಣದ ಪಾಠದಲ್ಲಿ ಇದನ್ನೇ ನಾನು ಎರಡು ಸಾರಿ ಹೇಳಿದ್ದಾಗ ಅವರು ಕಿಟಕಿಯ ಕಡೆ ನೋಡುತ್ತಿದ್ದರು.

ಮನೆಯವರೊಡನೆ ನೀರು ತರಹೋದುದರಿಂದ ಇನ್ನೊಂದು ವಿಷಯವು ತಿಳಿಯಿತು. ನಾವು ಸಿದ್ಧಪಡಿಸಿದ್ದ ಆರೋಗ್ಯದ ಪಾಠದಲ್ಲಿ, ದಿನವೂ ಹಲ್ಲುಜ್ಜಿದರೆ ಹಲ್ಲು ಬೆಳ್ಳಗಾಗುವುದೆಂದು ಚಿತ್ರ ಸಹಿತವಾಗಿ ತೋರಿಸುವುದಿತ್ತು. ಆ ಊರಿನ ಅನೇಕ ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟೆಗಳಿದ್ದುವು. ಅದು ಸೋಮಾರಿತನದಿಂದ ಬಂದುದಲ್ಲ, ಕೊಳವೆಬಾವಿಯ ನೀರಿನಿಂದ ಬಂದುದು. ಪಾವಗಡದ ಅಂತರ್ಜಲದಲ್ಲಿ ಫ್ಲೋರೈಡ್ ಎಂಬ ಲವಣವು ಹೆಚ್ಚು. ಒಂದು ಲೀಟರು ನೀರಿನಲ್ಲಿ ಅದು 1.5 ಮಿಲಿಗ್ರಾಮನ್ನು ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯ ವಿಧಿ. ಎಳೆಯ ವಯಸ್ಸಿನಲ್ಲಿ, ಶಾಶ್ವತವಾದ ಹಲ್ಲುಗಳು ವಸಡಿನೊಳಗೆ ರೂಪುಗೊಳ್ಳುವಾಗ, ಅಂಥ ನೀರನ್ನು ಕುಡಿದರೆ ಹಲ್ಲು ಕಲೆಯೊಡನೆಯೇ ಹುಟ್ಟುವುದು. ಎಷ್ಟು ಉಜ್ಜಿದರೂ ಹೋಗದು. ಬಹುಕಾಲ ಕುಡಿದವರ ಕೀಲುಗಳೂ ಬೆನ್ನೂ ಬಿಗಿಯುವುವು. ನಮ್ಮ ಹುಡುಗಿಯರು ಇದನ್ನು ತಿಳಿದುದು ಶುದ್ಧ ನೀರಿನ ಘಟಕದ ಮುಂದೆ ಕೊಡ ಹಿಡಿದು ಸಾಲಿನಲ್ಲಿ ನಿಂತಾಗ. ಆ ಚಿತ್ರದ ಹಾಳೆಯು ಪೆಟ್ಟಿಗೆಯಲ್ಲಿಯೇ ಉಳಿಯಿತು. ಅದರ ಬದಲಾಗಿ, ಕುಡಿಯುವುದಕ್ಕೂ ಅಡಿಗೆಗೂ ಘಟಕದ ನೀರು, ಮಿಕ್ಕುದಕ್ಕೆ ಕೊಳವೆಯ ನೀರು ಎಂದು ಊರಿನ ಹೆಂಗಸರೇ ಮಾಡಿಕೊಂಡಿದ್ದ ಕ್ರಮವನ್ನು ನಮ್ಮವರು ಬರೆದುಕೊಂಡು ಬಂದರು.

ನಮ್ಮ ಇಬ್ಬರು ಹುಡುಗಿಯರು ಹಿಡಿದಿದ್ದ ಮನೆಯಲ್ಲಿ ಹದಿಮೂರು ವರುಷದ ಮಗಳೊಬ್ಬಳಿದ್ದಳು. ತಂದೆಯು ಬೆಂಗಳೂರಿನಲ್ಲಿ ಕಟ್ಟಡದ ಕೂಲಿ. ಆ ಹುಡುಗಿ ಏಳನೆಯ ತರಗತಿಯಲ್ಲಿದ್ದಳು. ಮುಂದೆ ಓದಿಸುವುದಿಲ್ಲವೆಂದು ನಿಶ್ಚಯವಾಗಿತ್ತು. ಬಡತನವೊಂದೇ ಕಾರಣವಲ್ಲ. ಲೆಕ್ಕದಲ್ಲಿ ಚುರುಕಾದ ಆ ಮಗುವು ಕನ್ನಡದಲ್ಲಿ ವಾಕ್ಯ ಬರೆಯಲು ಹೆದರುತ್ತಿದ್ದಳು. ತರಗತಿಯಲ್ಲಿ ಬಾಯಿ ತೆರೆದರೆ ತೆಲುಗು ಬಂದುಬಿಡುವುದೆಂದು ಬಾಯಿಯನ್ನೇ ತೆರೆಯುತ್ತಿರಲಿಲ್ಲ. ಬುದ್ಧಿ ಸಾಲದೆಂದು ಮನೆಯವರೂ ನಂಬಿದ್ದರು, ಅವಳೂ ನಂಬಿದ್ದಳು. ಹುಡುಗಿಯ ಮದುವೆಯ ಮಾತು ಆಗಲೇ ಒಂದೆರಡು ಬಾಯಲ್ಲಿ ಬಂದಿತ್ತು.

ಆ ತಾಯಿಯೊಡನೆ ಐದು ದಿನ ನಾನು ಈ ವಿಷಯವನ್ನು ಎತ್ತಲಿಲ್ಲ. ಏಳನೆಯ ದಿನ ಅವರೇ ಬಂದು ಕುಳಿತರು. ಅರ್ಧ ಕನ್ನಡ, ಅರ್ಧ ತೆಲುಗಿನಲ್ಲಿ ಅವರು ಹೇಳಿದುದರ ಸಾರಾಂಶವಿಷ್ಟು: “ಟೀಚರಮ್ಮಾ, ನಿಮ್ಮ ಹುಡುಗಿಯರು ದಿನಾ ನಮ್ಮ ಮಾತನ್ನು ತಪ್ಪುತಪ್ಪಾಗಿ ಆಡುತ್ತಾರೆ. ನಾವೆಲ್ಲಾ ನಗುತ್ತೇವೆ. ಅವರೂ ನಗುತ್ತಾರೆ, ಮತ್ತೆ ಆಡುತ್ತಾರೆ. ನಮ್ಮ ಹುಡುಗಿ ನಿಮ್ಮ ಸ್ಕೂಲಿನಲ್ಲಿ ತಪ್ಪು ಮಾತಾಡಿದರೆ ಅಲ್ಲಿ ಹೀಗೇ ನಗುತ್ತಾರೋ, ಇಲ್ಲ ಬೇರೆ ಥರ ನಗುತ್ತಾರೋ?”

ವಾಚಕರೇ, ಇಪ್ಪತ್ತು ವರುಷಗಳ ನನ್ನ ವೃತ್ತಿಯಲ್ಲಿ ಯಾವ ಪರೀಕ್ಷಾಧಿಕಾರಿಯೂ ನನ್ನನ್ನು ಇಷ್ಟು ಕಠಿನವಾದ ಪ್ರಶ್ನೆ ಕೇಳಿದ್ದಿಲ್ಲ. ಬೇರೆ ಥರ ನಗುವವರೂ ಇರಬಹುದು, ಆದರೆ ಈ ಹನ್ನೊಂದು ಮಂದಿ ಅವಳ ಪಕ್ಕದಲ್ಲಿರುತ್ತಾರೆ ಎಂದು ನಾನು ಉತ್ತರ ಹೇಳಿದೆ. ಆ ತಾಯಿ ಬಹಳ ಹೊತ್ತು ಸುಮ್ಮನಿದ್ದು, ಗಂಡನನ್ನು ಕೇಳಬೇಕೆಂದು ಎದ್ದುಹೋದರು. ನಾವು ಹೊರಡುವ ದಿನದವರೆಗೂ ಉತ್ತರ ಬರಲಿಲ್ಲ.

2017ರ ಜೂನಿನಲ್ಲಿ ತಂದೆಯೇ ಮಗಳನ್ನು ಕರೆದುಕೊಂಡು ಬಂದರು. ಒಂದು ತಗಡಿನ ಪೆಟ್ಟಿಗೆ, ಒಂದು ಚಾಪೆ, ಕಡಲೆಕಾಯಿಯ ಒಂದು ಚೀಲ. ಈಗ ಪರನುಡಿಯ ನಾಡಿನ ಮೊದಲ ದಿನಗಳು ಅವಳ ಪಾಲಿಗೆ ಬಂದವು. ಮೂರು ದಿನ ಅವಳು ಯಾರೊಡನೆಯೂ ಮಾತನಾಡಲಿಲ್ಲ. ಊಟದ ಮನೆಯಲ್ಲಿ ಎರಡನೆಯ ಸಾರಿ ಅನ್ನವನ್ನು ಕೇಳುವುದಕ್ಕೂ ಬಾಯಿ ಬಾರದೆ ತಟ್ಟೆಯನ್ನು ತೊಳೆದು ಏಳುತ್ತಿದ್ದಳು. ರಜೆಗೆ ಹೋಗಿದ್ದ ಹತ್ತನೆಯ ತರಗತಿಯವರು ನಾಲ್ಕನೆಯ ದಿನ ವಿದ್ಯಾರ್ಥಿನಿಲಯಕ್ಕೆ ಹಿಂದಿರುಗಿದರು. ಅವರಲ್ಲೊಬ್ಬಳು ಊಟದ ಸಾಲಿನಲ್ಲಿ ಅವಳ ಹತ್ತಿರ ಹೋಗಿ, “ಅನ್ನಂ ತಿನ್ನಾವಾ?” ಎಂದು ಕೇಳಿದಳು. ಆ ಹುಡುಗಿಯು ಗಟ್ಟಿಯಾಗಿ ಅತ್ತುಬಿಟ್ಟಳು. ಅತ್ತ ಮೇಲೆ ಎರಡು ಸಾರಿ ಬಡಿಸಿಕೊಂಡು ಉಂಡಳು.

ಅವಳ ದಾರಿಯು ಹೂವಿನ ಹಾಸಾಗಿರಲಿಲ್ಲ. ಮೊದಲನೆಯ ವರುಷ ಕನ್ನಡದ ಪತ್ರಿಕೆಯಲ್ಲಿ ತೇರ್ಗಡೆಯ ಗೆರೆಯನ್ನು ಮುಟ್ಟಲಿಲ್ಲ. 2020ರ ಮಾರ್ಚಿಯಲ್ಲಿ ಸಾಂಕ್ರಾಮಿಕದಿಂದ ಶಾಲೆಗಳು ಮುಚ್ಚಿದಾಗ ಊರಿಗೆ ಹೋದವಳು ಹಿಂದಿರುಗುವಳೋ ಇಲ್ಲವೋ ಎಂದು ನಾವು ಚಿಂತಿಸಿದೆವು. ಆ ವರುಷದ ಎಸ್.ಎಸ್.ಎಲ್.ಸಿ. ಪರೀಕ್ಷೆಯು ಜೂನ್ ತಿಂಗಳ ಕೊನೆಯಲ್ಲಿ ನಡೆಯಿತು. ಅವಳು ಬಂದು ಕುಳಿತು ಬರೆದಳು. ಲೆಕ್ಕದಲ್ಲಿ ಹೆಚ್ಚು ಅಂಕಗಳೂ ಕನ್ನಡದಲ್ಲಿ ಎಲ್ಲಕ್ಕಿಂತ ಕಡಮೆ ಅಂಕಗಳೂ ಬಂದುವು, ತೇರ್ಗಡೆಯಾದಳು. ಈಗ ದಾದಿಯ ತರಬೇತನ್ನು ಮುಗಿಸಿ ಗಡಿಯ ಕಡೆಯ ಊರಿನಲ್ಲಿ ಕೆಲಸ ಮಾಡುತ್ತಿದ್ದಾಳೆ. ಅವಳ ಮುಂದೆ ಬಂದು ಕೂಡುವ ರೋಗಿಯು ಯಾವ ನುಡಿಯಲ್ಲಿ ನರಳಿದರೂ ಅವಳಿಗೆ ತಿಳಿಯುತ್ತದೆ.

ಪಾವಗಡದ ನೆರೆಯ ಅನಂತಪುರದಲ್ಲಿ ನಡೆದ ಒಂದು ದೊಡ್ಡ ಕಾರ್ಯವನ್ನು ಇಲ್ಲಿ ನೆನೆಯಬೇಕು. ಸ್ಪೇನ್ ದೇಶದ ಬಾರ್ಸಿಲೋನಾದಲ್ಲಿ 1920ರಲ್ಲಿ ಹುಟ್ಟಿದ ವಿಸೆಂಟ್ ಫೆರರ್ ಎಂಬವರು 1952ರಲ್ಲಿ ಯೇಸು ಸಭೆಯ ಪಾದ್ರಿಯಾಗಲು ಹೊರಟವರಾಗಿ ಭಾರತಕ್ಕೆ ಬಂದರು. ಮಹಾರಾಷ್ಟ್ರದ ಮನ್ಮಾಡಿನಲ್ಲಿ ರೈತರ ಬಾವಿಗಳಿಗಾಗಿ ದುಡಿದರು. 1968ರಲ್ಲಿ ದೇಶವನ್ನು ಬಿಡಬೇಕಾಗಿ ಬಂದು, 1969ರಲ್ಲಿ ಹಿಂದಿರುಗಿ ಮಳೆಯಿಲ್ಲದ ಅನಂತಪುರವನ್ನು ಆರಿಸಿಕೊಂಡರು. ತರುವಾಯ ಸಭೆಯ ವ್ರತವನ್ನು ಬಿಟ್ಟು ಗೃಹಸ್ಥರಾದರೂ ಸೇವೆಯನ್ನು ಬಿಡಲಿಲ್ಲ. 2009ರಲ್ಲಿ ತೀರಿಕೊಳ್ಳುವವರೆಗೂ ಪತ್ನಿ ಆನ್ ಅವರೊಡನೆ ಅಲ್ಲಿಯೇ ಇದ್ದು ಶಾಲೆ, ಮನೆ, ಬಾವಿ, ಆಸ್ಪತ್ರೆಗಳನ್ನು ಕಟ್ಟಿಸಿದರು. ಸ್ಪೇನ್ ದೇಶದಿಂದ ಬಂದ ಅವರಿಗೆ ಮರಾಠಿಯ ನಾಡಿನಲ್ಲಿ ಒಂದು ಸಾರಿ, ತೆಲುಗಿನ ನಾಡಿನಲ್ಲಿ ಇನ್ನೊಂದು ಸಾರಿ ಮೊದಲ ದಿನಗಳು ಬಂದುವು. ಅವರು ಮಾಡಿದ ಕಾರ್ಯದ ಹಿರಿಮೆಯನ್ನು ಎಲ್ಲರೂ ಹೇಳುವರು. ಹೊಸಬರಾಗಿರುವುದನ್ನು ಎರಡು ಸಾರಿ ಸಹಿಸಿದ ಅವರ ತಾಳ್ಮೆಯನ್ನು ನಾನು ಹೆಚ್ಚಾಗಿ ಮೆಚ್ಚುತ್ತೇನೆ. ಹತ್ತು ದಿನಗಳ ಸೇವೆಗೆ ಹೋದವರು ನಾಲ್ವತ್ತು ವರುಷಗಳ ಕೆಲಸವನ್ನು ಮಾಡಲಾರರು. ಆದರೆ ನಾಲ್ವತ್ತು ವರುಷ ಇರುವವರು ಮೊದಲ ಹತ್ತು ದಿನಗಳಲ್ಲಿ ಹೇಗಿರುತ್ತಾರೋ ಹಾಗೆ ಇದ್ದು ಬರಬಹುದು.

ಆದುದರಿಂದ ತಂದೆತಾಯಿಗಳಲ್ಲಿ ನನ್ನದೊಂದು ವಿಜ್ಞಾಪನೆ. ನಿಮ್ಮ ಮಗಳು ಸೇವೆಗಾಗಿ ಹಳ್ಳಿಗೋ ಪರದೇಶಕ್ಕೋ ಹೋಗಿ ಬಂದಾಗ, ಎಷ್ಟು ಮಂದಿಗೆ ಕಲಿಸಿದೆ ಎಂದು ಕೇಳಬೇಡಿರಿ. ಯಾರ ಮನೆಯಲ್ಲಿ ಉಂಡೆ, ಅವರ ಮಾತಿನಲ್ಲಿ ಏನನ್ನು ಕಲಿತೆ ಎಂದು ಕೇಳಿರಿ. ಮನೆಯಲ್ಲಿ ಕನ್ನಡವನ್ನೇ ಆಡುವ ಮಕ್ಕಳ ತಂದೆತಾಯಿಗಳು, ತಮ್ಮ ಮಗಳ ಪಕ್ಕದ ಮಣೆಯಲ್ಲಿ ಕುಳಿತಿರುವ ತೆಲುಗಿನ ಅಥವಾ ಉರ್ದುವಿನ ಹುಡುಗಿಯ ಹೆಸರನ್ನು ಕೇಳಿ ತಿಳಿದಿರಲಿ.

ಹಳೆಯ ವಿದ್ಯಾರ್ಥಿನಿಯರಲ್ಲಿ ಇನ್ನೊಂದು ಕೋರಿಕೆಯುಂಟು. ಪ್ರತಿ ವರುಷವೂ ಜೂನ್ ತಿಂಗಳಲ್ಲಿ ಗಡಿಯ ಹಳ್ಳಿಗಳಿಂದ ಹೊಸ ಹುಡುಗಿಯರು ವಿದ್ಯಾರ್ಥಿನಿಲಯಕ್ಕೆ ಬರುತ್ತಾರೆ. ಮೊದಲ ಹದಿನೈದು ದಿನಗಳಲ್ಲಿ ಮನೆಗೆ ಹಿಂದಿರುಗದೆ ಉಳಿದವಳು ಸಾಮಾನ್ಯವಾಗಿ ಮೂರು ವರುಷವೂ ಉಳಿಯುತ್ತಾಳೆ. ಇದು ನನ್ನ ಅನುಭವ. ನಿಮ್ಮಲ್ಲಿ ತೆಲುಗು ಅಥವಾ ಉರ್ದು ಬಲ್ಲವರು ಆ ದಿನಗಳಲ್ಲಿ ಒಂದು ವಾರವಾದರೂ, ಅದಾಗದಿದ್ದರೆ ಒಂದು ಸಂಜೆಯಾದರೂ ಬಂದು ಊಟದ ಸಾಲಿನಲ್ಲಿ ಅವರ ಪಕ್ಕದಲ್ಲಿ ಕುಳಿತುಕೊಳ್ಳಿರಿ. ಉಪನ್ಯಾಸ ಬೇಕಾಗಿಲ್ಲ, ಕಾಣಿಕೆಯೂ ಬೇಕಾಗಿಲ್ಲ. ಊಟವಾಯಿತೇ ಎಂದು ಅವರ ತಾಯಿಯ ಮಾತಿನಲ್ಲಿ ಕೇಳಿದರೆ ಸಾಕು. ಬರುವವರು ಮೇ ತಿಂಗಳ ಕೊನೆಯೊಳಗಾಗಿ ಶಾಲೆಗೆ ತಿಳಿಸಿದರೆ ಇಳಿದುಕೊಳ್ಳಲು ಕೊಠಡಿಯನ್ನು ಸಿದ್ಧಪಡಿಸಿರುತ್ತೇವೆ.